ಕೆಳಗಿನ ಊರಿಗೆ ತಿಳಿಸತಕ್ಕದ್ದು

ನಮ್ಮ ಊರಿನಲ್ಲಿ ಬೆಳಗ್ಗೆ ಎದ್ದವರು ಮೊದಲು ಕೇಳುವುದು, ಹೊಳೆ ಇವತ್ತು ಯಾವ ಕಡೆ ಅಂತ. ಹಾಲಿನವನು ಬಾಗಿಲಿಗೆ ಬಂದರೆ ಅವನ ಬಾಯಿಂದ ಬರುವ ಮೊದಲ ಮಾತೂ ಅದೇ. "ಇವತ್ತು ನಮ್ಮ ದಿನ ಕಣಮ್ಮ" ಅಂದರೆ ಹೊಳೆ ನಮ್ಮ ಕಡೆಯಿಂದ ಗಡಿಯಾಚೆಯ ಊರಿಗೆ ಹರಿಯುತ್ತಿದೆ, ನಾವು ಮೇಲಿನವರು. "ಅವರ ದಿನ" ಅಂದರೆ ಬೆಳಗಾಗುವುದರೊಳಗೆ ಹೊಳೆ ಹೊರಳಿದೆ, ಈಗ ಅವರು ಮೇಲಿನವರು, ಅವರು ತೊಳೆದದ್ದೆಲ್ಲ ನಮ್ಮ ಪಾಲಿಗೆ. ಕೆಲವು ಸಲ ವಾರಗಟ್ಟಲೆ ಒಂದೇ ಕಡೆ ಹರಿಯುತ್ತದೆ, ಕೆಲವು ಸಲ ದಿನ ಬಿಟ್ಟು ದಿನ ಹೊರಳುತ್ತದೆ. ಅದಕ್ಕೆ ಕ್ರಮ ಅಂತ ಒಂದಿದ್ದಿದ್ದರೆ ಎರಡೂ ಊರಿನವರು ಇಷ್ಟೊಂದು ಅನುಮಾನದ ಪ್ರಾಣಿಗಳಾಗುತ್ತಿರಲಿಲ್ಲವೇನೋ.

ನಮ್ಮ ದಿನ ಬಂತೆಂದರೆ ಊರಿಗೆ ಊರೇ ಹೊಳೆಗೆ ಇಳಿಯುತ್ತದೆ. ಕಂಬಳಿ, ಜಮಖಾನ, ಬಾಣಂತಿಯರ ಬಟ್ಟೆ, ಎಮ್ಮೆ, ಲಾರಿ, ಎಲ್ಲವನ್ನೂ ತೊಳೆಯುವುದು ಅವತ್ತೇ. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಗಳವರು ತೊಟ್ಟಿಗಳ ಬಿರಡೆ ತೆಗೆಯುವುದೂ ಅವತ್ತೇ. ಅವರ ದಿನ ಬಂದರೆ ಮೆಟ್ಟಿಲ ಮೇಲೆ ಒಂದು ನರಪಿಳ್ಳೆ ಇರುವುದಿಲ್ಲ. ಮನೆಯಲ್ಲಿ ಹಿರಿಯರಾದವರು ನಲ್ಲಿ ನೀರನ್ನು ಚೊಂಬಿಗೆ ಹಿಡಿದು, ಬೆಳಕಿಗೆ ಒಡ್ಡಿ ನೋಡಿ, ಮೂಸಿ, ಆಮೇಲೆ ಒಳಗೆ ಕೊಡುತ್ತಾರೆ. ಮಗುವಿಗೆ ಭೇದಿಯಾದರೆ, ಮೈಮೇಲೆ ಗಂದೆ ಎದ್ದರೆ, ಸಾರು ಹಳಸಿದರೆ, "ಅವರೇ ಏನೋ ಬಿಟ್ಟಿದ್ದಾರೆ" ಅನ್ನುವುದು ರೂಢಿ. ಆ ಊರಿನಲ್ಲೂ ಹಾಗೇ ಅನ್ನುತ್ತಾರಂತೆ. ಭಾಷೆ ಒಂದೇ, ರಾಗ ಮಾತ್ರ ಬೇರೆ. ಆದರೂ ಹೆಣ್ಣು ಕೊಟ್ಟು ತರುವುದು ನಿಂತು ಬಹಳ ಕಾಲವಾಯಿತು. ಗಡಿಯಾಚೆಗೆ ಫೋನು ಹೋಗದಂತೆ ಎರಡೂ ಕಡೆಯವರು ತಡೆ ಹಾಕಿಸಿಟ್ಟಿದ್ದಾರೆ. ಪುರಸಭೆಯ ನೌಕರರು ಆ ಊರಿನವರ ಜೊತೆ ಮಾತಾಡಿದ್ದು ಗೊತ್ತಾದರೆ ಕೆಲಸ ಹೋದಂತೆಯೇ.

ನಾನು ಆ ಪುರಸಭೆಯ ನೀರಿನ ವಿಭಾಗದಲ್ಲಿ ಅಧಿಕಾರಿಯಾಗಿದ್ದೆ. ನಿಯಮಗಳ ಕರಡು ಬರೆಯುವುದು, ಕುಡಿಯುವ ನೀರಿನ ತೂಬನ್ನು ಯಾವಾಗ ತೆರೆಯಬೇಕು ಯಾವಾಗ ಮುಚ್ಚಬೇಕು ಎಂದು ಹೇಳುವುದು ನನ್ನ ಕೆಲಸ. ಒಂದು ದಿನ ಅಧ್ಯಕ್ಷರಾದ ಹೊಂಬಾಳಯ್ಯನವರು ಕರೆಸಿದರು. ಅವರು ಬಣ್ಣದ ಕಾರ್ಖಾನೆಗಳ ಸಂಘಕ್ಕೂ ಅಧ್ಯಕ್ಷರು. ಪಕ್ಕದಲ್ಲಿ ಪುರಸಭೆಯ ಕಾನೂನು ಸಲಹೆಗಾರರಾದ ದತ್ತಾತ್ರಿಯವರು ಛತ್ರಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ದತ್ತಾತ್ರಿಯವರು ಮಳೆಗಾಲವಲ್ಲದಿದ್ದರೂ ಛತ್ರಿ ಬಿಟ್ಟವರಲ್ಲ. ಹೋಟೆಲಿನ ಕಾಫಿಯನ್ನು ಮಾಡಿದವನೇ ಮೊದಲು ಒಂದು ಗುಟುಕು ಕುಡಿಯಲಿ ಎಂದು ಕಾಯುವ ಜಾತಿ.

"ನೋಡಮ್ಮಾ ವಾರಿಜಾಕ್ಷಿ," ಅಂದರು ಹೊಂಬಾಳಯ್ಯನವರು. "ಯಾವುದೋ ದೂರದ ದೇಶದ ವಿದ್ಯಾಸಂಸ್ಥೆಯಂತೆ. ಅಂತರರಾಷ್ಟ್ರೀಯ ಪರಿಸರ ಕಾನೂನು ಹೇಳಿಕೊಡ್ತಾರಂತೆ, ಆನ್‌ಲೈನಿನಲ್ಲಿ. ನಿನ್ನಂಥ ಅಧಿಕಾರಿಗಳಿಗೇ ಅಂತೆ. ಫೀಸೂ ಬೇಡವಂತೆ."

"ಒಳ್ಳೇದೇ ಆಯ್ತಲ್ಲ ಸಾರ್."

"ಫೀಸು ಬೇಡ ಅನ್ನೋದೇ ನನಗೆ ಒಳ್ಳೇದು ಅನ್ನಿಸ್ತಿಲ್ಲ," ಅಂದರು ದತ್ತಾತ್ರಿ.

"ನನಗೂ ಅನ್ನಿಸ್ತಿಲ್ಲ. ಆದರೆ ಆ ಊರಿನವರೂ ಒಬ್ಬರನ್ನ ಸೇರಿಸ್ತಿದ್ದಾರಂತೆ. ನಾಳೆ ಅವರು ಕಾನೂನು ಕಲಿತು ನಮ್ಮ ಮೇಲೆ ಕೇಸು ಜಡಿದರೆ? ನಾವೂ ಕಲೀಬೇಕು. ನೀನು ಕೂತು ಕಲಿ. ಕಿವಿ ತೆಗೆದಿರಲಿ, ಬಾಯಿ ಮುಚ್ಚಿರಲಿ. ದತ್ತಾತ್ರಿಗಳು ಜೊತೆಗೆ ಕೂತಿರ್ತಾರೆ."

ಹೀಗೆ ಸಂಜೆಗಳಲ್ಲಿ ಪಾಠ ಶುರುವಾಯಿತು. ಪುರಸಭೆಯ ಸಭಾಂಗಣದ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ನಾನು. ಕ್ಯಾಮೆರಾಕ್ಕೆ ಬೀಳದ ಹಾಗೆ ಪಕ್ಕದಲ್ಲಿ ಒಂದು ಸ್ಟೂಲಿನ ಮೇಲೆ ದತ್ತಾತ್ರಿಯವರು. ಅವರು ಕೆಮ್ಮಿದರೆ ನಾನು ಮಾತು ನಿಲ್ಲಿಸಬೇಕು ಎಂದು ಒಪ್ಪಂದ. ಪರದೆಯ ತುಂಬ ಪುಟ್ಟ ಪುಟ್ಟ ಕಿಟಕಿಗಳು, ಒಂದೊಂದರಲ್ಲಿ ಒಂದೊಂದು ಮುಖ. ಒಬ್ಬರ ಹಿಂದೆ ತೆಂಗಿನ ಮರ, ಒಬ್ಬರ ಹಿಂದೆ ಹಿಮ ಬಿದ್ದ ಅಂಗಳ. ಮುಳುಗುತ್ತಿರುವ ದ್ವೀಪದ ಅಧಿಕಾರಿ, ಮರಳುಗಾಡಿನ ಅಧಿಕಾರಿ, ಎಲ್ಲೆಲ್ಲಿಯವರೋ. ಪಾಠ ಹೇಳುವ ಎಲೋಯಿಸ್ ಮೇಡಂ ದಪ್ಪ ಸ್ವೆಟರ್ ಹಾಕಿಕೊಂಡ ನಗುಮುಖದ ಹೆಂಗಸು. ಅವರ ಬೆಕ್ಕು ಆಗಾಗ ಪಾಠದ ನಡುವೆ ಬಂದು ಬಾಲ ಆಡಿಸಿ ಹೋಗುತ್ತಿತ್ತು. ಬೆಕ್ಕಿನ ಮೇಲೂ ದತ್ತಾತ್ರಿಯವರಿಗೆ ಅನುಮಾನವೇ.

ಕೆಳಗಿನ ಸಾಲಿನ ಒಂದು ಕಿಟಕಿಯಲ್ಲಿ ಮುರಿಗೆಪ್ಪ ತಳಕಲ್ ಎಂದು ಹೆಸರಿತ್ತು. ಅಗಲ ಭುಜದ, ದಪ್ಪ ಮೀಸೆಯ, ನನ್ನದೇ ವಯಸ್ಸಿನ ಮನುಷ್ಯ. ಹೆಸರು ನೋಡಿದ ಕೂಡಲೇ ಆ ಊರಿನವರು ಎಂದು ಗೊತ್ತಾಯಿತು. ನನ್ನ ಹೆಸರು ಕಂಡು ಅವರಿಗೂ ಗೊತ್ತಾಗಿರಬೇಕು. ಇಬ್ಬರೂ ನಮಸ್ಕಾರ ಮಾಡಲಿಲ್ಲ. ಹುಟ್ಟಿದಾಗಿನಿಂದ ಒಂದೇ ಹೊಳೆಯ ನೀರು ಕುಡಿದವರು, ಒಬ್ಬರ ಮುಖ ಒಬ್ಬರು ನೋಡಬೇಕಾದರೆ ಭೂಮಿಯ ಇನ್ನೊಂದು ತುದಿಗೆ ಹೋಗಿ ಬರಬೇಕಾಯಿತು.

ಪಾಠ ಮಾತ್ರ ಚೆನ್ನಾಗಿತ್ತು. ಯಾವ ರಾಜ್ಯವೂ ತನ್ನ ನೆಲದಲ್ಲಿ ಮಾಡುವ ಕೆಲಸದಿಂದ ನೆರೆಯವರಿಗೆ ಹಾನಿಯಾಗಗೊಡಬಾರದು ಎಂದು ಮೇಡಂ ಹೇಳಿದರು. "ಇದು ನಮಗೇ ಹೇಳಿದ್ದು," ಎಂದು ದತ್ತಾತ್ರಿ ಪಿಸುಗುಟ್ಟಿದರು. ಅಪಾಯ ಬರುವುದಿದ್ದರೆ ಕೆಳಗಿನವರಿಗೆ ಮೊದಲೇ ತಿಳಿಸತಕ್ಕದ್ದು ಎಂದರು. "ಇದೂ ನಮಗೇ." ಹಾನಿ ದೊಡ್ಡದಾಗುವಂತಿದ್ದರೆ, ಪಕ್ಕಾ ಪುರಾವೆ ಇಲ್ಲ ಅನ್ನುವುದನ್ನೇ ನೆಪ ಮಾಡಿ ಸುಮ್ಮನೆ ಕೂರಬಾರದು, ಮೊದಲು ತಡೆಯಬೇಕು, ಆಮೇಲೆ ವಿಚಾರಿಸಬೇಕು, ಇದಕ್ಕೆ ಮುನ್ನೆಚ್ಚರಿಕೆಯ ತತ್ವ ಅನ್ನುತ್ತಾರೆ ಎಂದಾಗ ಮಾತ್ರ ದತ್ತಾತ್ರಿಯವರು ಸ್ಟೂಲಿನ ಮೇಲೆ ನೆಟ್ಟಗೆ ಕೂತರು. "ಇಷ್ಟು ದಿನಕ್ಕೆ ಒಂದು ತಲೆ ಇರೋ ಮಾತು ಬಂತು ನೋಡಿ," ಅಂದರು.

ಅರ್ಧದಷ್ಟು ಪಾಠಗಳು ಮುಗಿದ ಮೇಲೆ ಮೇಡಂ ಒಂದು ಅಭ್ಯಾಸ ಕೊಟ್ಟರು. ಒಂದು ನದಿ, ಎರಡು ರಾಜ್ಯ. ಒಬ್ಬರು ಮೇಲಿನ ರಾಜ್ಯದ ಪ್ರತಿನಿಧಿ, ಇನ್ನೊಬ್ಬರು ಕೆಳಗಿನ ರಾಜ್ಯದವರು. ಇಬ್ಬಿಬ್ಬರು ಕೂತು ಒಪ್ಪಂದ ಮಾಡಿಕೊಳ್ಳಬೇಕು, ಕೊನೆಯ ದಿನ ಎಲ್ಲರ ಮುಂದೆ ಒಪ್ಪಿಸಬೇಕು. ಇಬ್ಬರದೂ ಒಂದೇ ಭಾಷೆ, ಅನುಕೂಲವಾಗಲಿ ಎಂದು ನನ್ನನ್ನೂ ಮುರಿಗೆಪ್ಪನವರನ್ನೂ ಜೋಡಿ ಮಾಡಿದರು. ದತ್ತಾತ್ರಿಯವರು ಮುಖ ಕಪ್ಪಿಟ್ಟುಕೊಂಡು, "ಬೇಕಂತಲೇ ಮಾಡಿದ್ದು," ಅಂದರು.

ಒಂದು ಗುಂಡಿ ಒತ್ತಿದರೆ ಉಳಿದ ಮುಖಗಳೆಲ್ಲ ಮಾಯವಾಗಿ ಪರದೆಯಲ್ಲಿ ಇಬ್ಬರೇ ಉಳಿದೆವು.

"ನಮಸ್ಕಾರ್ರೀ," ಅಂದರು ಮುರಿಗೆಪ್ಪನವರು.

"ನಮಸ್ಕಾರ."

"ನೀವು ಮ್ಯಾಲಿನವರು, ನಾ ಕೆಳಗಿನವ. ಮೇಡಂನವರು ಹಂಗ ಬರದಾರ."

"ಹಾಗೇ ಇಟ್ಟುಕೊಳ್ಳೋಣ."

ಒಂದಿಷ್ಟು ಮಾತಾಡಿದೆವು, ಎಲ್ಲ ಪುಸ್ತಕದ್ದೇ. ಅಷ್ಟರಲ್ಲಿ ಮೇಡಂ ಇಣುಕಿ, ಈಗ ಪಾತ್ರ ಅದಲುಬದಲು ಮಾಡಿಕೊಳ್ಳಿ, ಕೆಳಗಿನವರು ಮೇಲಿನವರಾಗಿ, ಆಗ ಕಷ್ಟ ಗೊತ್ತಾಗುತ್ತದೆ ಎಂದು ಹೇಳಿ ಹೋದರು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವರ ಮೀಸೆ ಅಲುಗಿತು. ನನಗೆ ನಗು ತಡೆಯಲಾಗಲಿಲ್ಲ. ಜೀವಮಾನವಿಡೀ ಅದನ್ನೇ ಮಾಡಿಕೊಂಡು ಬಂದವರಿಗೆ ಅದೊಂದು ಅಭ್ಯಾಸವೇ? ದತ್ತಾತ್ರಿಯವರು ಕೆಮ್ಮಿದರು. ನಗುವುದಕ್ಕೂ ಕೆಮ್ಮುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಮುರಿಗೆಪ್ಪನವರ ಮುಖದಲ್ಲಿದ್ದ ನಗು ಇಳಿಯಿತು. ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿ, ಪದ ಹುಡುಕಿ ಹುಡುಕಿ ಕೇಳಿದರು. "ಒಂದು ಮಾತು ಕೇಳ್ತೀನ್ರೀ. ಅಭ್ಯಾಸದ್ದೇ ಅಂತ ತಿಳೀರಿ. ಮ್ಯಾಲಿನ ಊರಾಗ ಒಂದು ರಾಡಿ ಕೊಳ ಐತಿ ಅಂತ ಇಟ್ಕೋರಿ. ಅದರ ಗ್ವಾಡಿ ಬಿರುಕು ಬಿಟ್ಟೈತಿ. ಇವತ್ತು ನಾಳೆ ಒಡೀಬಹುದು. ಆವಾಗ ಕೆಳಗಿನ ಊರಿಗೆ ತಿಳಸಬೇಕೋ ಬ್ಯಾಡೋ? ತಿಳಿಸಿದ್ರ ಅವರು ನಂಬ್ತಾರೇನ್ರೀ?"

ದತ್ತಾತ್ರಿಯವರ ಕೆಮ್ಮು ಈ ಸಲ ನಿಜವಾದ ಕೆಮ್ಮಿನ ಹಾಗೇ ಬಂತು. ನಾನು ಏನೋ ಹಾರಿಕೆಯ ಉತ್ತರ ಕೊಟ್ಟು ಕಿಟಕಿ ಮುಚ್ಚಿದೆ. ಯಾಕೆಂದರೆ ನಮ್ಮ ಊರಿನಲ್ಲಿ ಅಂಥ ಕೊಳ ಇತ್ತು. ಬಣ್ಣದ ಕಾರ್ಖಾನೆಗಳು ತೆಳ್ಳನೆಯ ನೀರನ್ನು ನಮ್ಮ ದಿನಗಳಲ್ಲಿ ಹೊಳೆಗೆ ಬಿಡುತ್ತಿದ್ದವು. ತಳದಲ್ಲಿ ಉಳಿಯುವ ಗಟ್ಟಿ ರಾಡಿಯನ್ನು ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಅದೆಲ್ಲ ವರ್ಷಗಳಿಂದ ಗುಡ್ಡದ ಬುಡದ ಆ ಕೊಳದಲ್ಲಿ ಕೂತಿತ್ತು, ನೀಲಿಯೆಂದರೆ ನೀಲಿ, ಹಕ್ಕಿ ಕೂಡ ಕೂರದಂಥ ನೀಲಿ.

ಮಾರನೆಯ ದಿನ ಕೊಳದ ಗೋಡೆಯನ್ನು ನೋಡಲು ಹೋದೆ. ದತ್ತಾತ್ರಿಯವರು ನನ್ನ ಹಿಂದೆಯೇ ಬಂದರು, ಕರೆಯದಿದ್ದರೂ. ಹೊಳೆಯ ಕಡೆಯ ಮಗ್ಗುಲಿನಲ್ಲಿ, ಜಾಲಿ ಪೊದೆಗಳ ಹಿಂದೆ, ಗೋಡೆಯ ಮೇಲಿನಿಂದ ಬುಡದವರೆಗೆ ಒಂದು ಬಿರುಕು ಇಳಿದಿತ್ತು. ಬುಡದ ಮಣ್ಣು ಒದ್ದೆಯಾಗಿ ನೀಲಿ ತಿರುಗಿತ್ತು. ಬೆರಳು ಒತ್ತಿದೆ, ಬೆಣ್ಣೆಯ ಹಾಗೆ ಒಳಗೆ ಹೋಯಿತು. ಮೂರು ಸಲ ಸೋಪು ಹಚ್ಚಿ ತೊಳೆದರೂ ಆ ಬೆರಳಿನ ಬಣ್ಣ ಹೋಗಲಿಲ್ಲ.

ಹೊಂಬಾಳಯ್ಯನವರಿಗೆ ಹೇಳಿದಾಗ ಅವರು ಬಿರುಕಿನ ಬಗ್ಗೆ ಕೇಳಲಿಲ್ಲ. "ಆ ಮನುಷ್ಯನಿಗೆ ಹೇಗೆ ಗೊತ್ತಾಯ್ತು?" ಅಂದರು. ಮೊದಲು ನನ್ನ ಮುಖ ನೋಡಿದರು, ಆಮೇಲೆ ದತ್ತಾತ್ರಿಯವರ ಮುಖ. "ನಮಗೇ ಗೊತ್ತಿಲ್ಲದ ಬಿರುಕು ಅವನಿಗೆ ಗೊತ್ತು ಅಂದರೆ ಹೇಳಿದವರು ಯಾರೋ ಇದ್ದಾರೆ."

"ಸಾರ್, ಮೊದಲು ಗೋಡೆ ನೋಡಬೇಕು. ಕೊಳ ಬರಿದು ಮಾಡದೆ ರಿಪೇರಿ ಆಗಲ್ಲ."

"ಮಾಡೋಣ. ನಮ್ಮ ದಿನ ಬರಲಿ. ಕೊಳದ ಬಾಯಿ ತೆಗೆದುಬಿಡೋಣ, ಪೂರಾ ಹೋಗಲಿ."

"ಪೂರಾ ಹೋಗೋದು ಅವರ ಊರಿಗೆ ಸಾರ್. ಅಲ್ಲಿಯವರು ಅದನ್ನೇ ಕುಡೀತಾರೆ."

"ಅವರು ಬಿಟ್ಟದ್ದನ್ನ ನಾವು ಕುಡಿದಿಲ್ವಾ? ಈ ಮಾತು ಈ ಕೋಣೆ ದಾಟಬಾರದು. ದಾಟಿದರೆ ಯಾರಿಂದ ದಾಟಿತು ಅಂತ ನನಗೆ ಗೊತ್ತಾಗುತ್ತೆ."

ಅವತ್ತಿನಿಂದ ಊರಿನಲ್ಲಿ ನಡೆಯುವುದೇ ಕಷ್ಟವಾಯಿತು. ಕಚೇರಿಯಲ್ಲಿ ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಸಂಘದ ಯಾರೋ ಒಬ್ಬ ನನ್ನ ಮನೆಯ ಎದುರಿನ ಬೀಡಾ ಅಂಗಡಿಯಲ್ಲಿ ದಿನವಿಡೀ ಕೂರತೊಡಗಿದ. ನಾನೇನು ಕಡಿಮೆಯೇ? ದತ್ತಾತ್ರಿಯವರ ಅಕ್ಕನನ್ನು ಹಿಂದೆ ಆ ಊರಿಗೇ ಕೊಟ್ಟಿತ್ತು ಅನ್ನುವುದು ನೆನಪಾಯಿತು. ಆಕೆ ತೀರಿಹೋಗಿದ್ದಾರೆ ಅನ್ನುತ್ತಾರೆ, ಆದರೆ ಅಲ್ಲಿ ತಿಥಿ ಮಾಡಿದ್ದನ್ನು ಯಾರು ನೋಡಿದ್ದಾರೆ? ಈ ಮನುಷ್ಯನೇ ಹೇಳಿ, ನನ್ನ ಪಕ್ಕದಲ್ಲಿ ಕೂತು ನನ್ನ ಮೇಲೇ ಹಾಕುತ್ತಿದ್ದಾರೋ ಏನೋ. ಸ್ಟೂಲಿನ ಮೇಲೆ ಕೂತ ಅವರೂ ನನ್ನನ್ನು ಅದೇ ಕಣ್ಣಿನಿಂದ ನೋಡುತ್ತಿದ್ದರು. ಅವತ್ತು ಆ ಮುರಿಗೆಪ್ಪನ ಜೊತೆ ಯಾಕೆ ನಕ್ಕಿರಿ ಎಂದು ಒಂದು ಸಲ ಕೇಳಿಯೂಬಿಟ್ಟರು.

ಕೊನೆಯ ಪಾಠದ ದಿನ ಬಂತು. ಹೊಳೆ ಆಗ ನಮ್ಮ ಕಡೆಗೇ ಹರಿಯುತ್ತಿತ್ತು, ಅವರ ದಿನಗಳು ನಡೆಯುತ್ತಿದ್ದವು. ಹೊರಳಿದ ಬೆಳಗ್ಗೆಯೇ ಕೊಳದ ಬಾಯಿ ತೆಗೆಯಬೇಕೆಂದು ಹೊಂಬಾಳಯ್ಯನವರು ಆಳುಗಳನ್ನು ಗೊತ್ತು ಮಾಡಿದ್ದರು. ಜೋಡಿ ಜೋಡಿಯಾಗಿ ಎಲ್ಲರೂ ತಮ್ಮ ಒಪ್ಪಂದ ಒಪ್ಪಿಸಿದರು. ಕೊನೆಗೆ ನಮ್ಮ ಸರದಿ ಬಂತು. ಆ ಮನುಷ್ಯ ನಮ್ಮ ಮೇಲೆ ಕಣ್ಣಿಟ್ಟವನೇ ಇರಬಹುದು. ಇದ್ದರೂ ಅವನ ಊರಿನಲ್ಲಿ ಚೊಂಬಿಗೆ ನೀರು ಹಿಡಿದು ಮೂಸುವ ಮುದುಕಿಯರು ಇದ್ದಾರಲ್ಲ. ಅವರೇನು ಮಾಡಿದ್ದಾರೆ?

ಬರೆದುಕೊಂಡಿದ್ದ ಹಾಳೆಯನ್ನು ಪಕ್ಕಕ್ಕಿಟ್ಟೆ. "ಮೇಲಿನ ರಾಜ್ಯವು ಕೆಳಗಿನ ರಾಜ್ಯಕ್ಕೆ ಈ ಮೂಲಕ ತಿಳಿಸುತ್ತದೆ," ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದೆ. "ನಮ್ಮ ಬಣ್ಣದ ಕೊಳದ ಗೋಡೆ ಬಿರುಕು ಬಿಟ್ಟಿದೆ. ನದಿ ನಿಮ್ಮ ಕಡೆ ಹರಿಯುವ ಮೊದಲ ದಿನವೇ ಅದರ ರಾಡಿಯನ್ನು ನದಿಗೆ ಬಿಡಲಾಗುತ್ತದೆ. ಆ ದಿನ ನಿಮ್ಮ ಕುಡಿಯುವ ನೀರಿನ ತೂಬು ಮುಚ್ಚಿರಲಿ. ಬಲೆ ಹಾಕಬೇಡಿ, ದನ ಇಳಿಸಬೇಡಿ."

ದತ್ತಾತ್ರಿಯವರು ಕೆಮ್ಮಿದರು, ಮತ್ತೆ ಕೆಮ್ಮಿದರು, ಎದ್ದು ನಿಂತರು. ನಾನು ನಿಲ್ಲಿಸಲಿಲ್ಲ. ಅವರು ಕ್ಯಾಮೆರಾದ ಮುಂದೆ ಬರುವ ಹಾಗಿಲ್ಲ, ಅಭ್ಯಾಸವನ್ನು ತಡೆಯುವ ಹಾಗೂ ಇಲ್ಲ. ಛತ್ರಿ ಹಿಡಿದು ಸುಮ್ಮನೆ ನಿಂತರು. ಎಲೋಯಿಸ್ ಮೇಡಂ ಮೆಚ್ಚಿಕೊಂಡು ತಲೆದೂಗುತ್ತಿದ್ದರು.

ಮುರಿಗೆಪ್ಪನವರು ಇಂಗ್ಲಿಷು ಬಿಟ್ಟು ಕನ್ನಡಕ್ಕೆ ಬಂದರು. "ಇದು ಪಾಠದ್ದೋ, ಖರೇನೋ?"

"ತಿಳಿಸಬೇಕಾದ್ದನ್ನ ತಿಳಿಸಿದ್ದೇನೆ."

ಅವರು ಪಕ್ಕಕ್ಕೆ ಒಮ್ಮೆ ನೋಡಿದರು, ಅಲ್ಲಿ ಯಾರೋ ಇದ್ದವರಂತೆ. ಮತ್ತೆ ನನ್ನ ಕಡೆ ತಿರುಗಿದರು. "ಹಂಗಾರ ನಂದೂ ಕೇಳ್ರಿ. ನಮ್ಮ ಊರಾಗ ಚರ್ಮಾ ಹದಾ ಮಾಡೋ ಕೊಳ ಐತಿ. ಅದರ ಗ್ವಾಡಿ ಬಿರುಕು ಬಿಟ್ಟೈತಿ. ಹ್ವಾದ ಸಲ ನಾ ಕೇಳಿದ್ದು ನಮ್ಮ ಕೊಳದ ಮಾತು, ನಿಮ್ಮದಲ್ಲ. ನಾಳೆ ಒಡದ್ರೂ ಒಡದೀತು. ಹೊಳಿ ನಿಮ್ಮ ಕಡೆ ಹೊಂಟೈತಿ. ನಿಮ್ಮ ತೂಬು ಮುಚ್ಚಿಕೋರಿ." ಮಾತು ಮುಗಿಯುತ್ತಿದ್ದಂತೆಯೇ ಅವರ ಕಿಟಕಿ ಕಪ್ಪಾಯಿತು. ಯಾರೋ ಆರಿಸಿದರೋ, ಅವರೇ ಆರಿಸಿದರೋ. ಮೇಡಂ ಚಪ್ಪಾಳೆ ತಟ್ಟಿ, ಮಾತು ಅರ್ಥವಾಗಲಿಲ್ಲ, ಆದರೆ ನಿಜವಾದ ಮಾತುಕತೆಯ ಹಾಗೆಯೇ ಇತ್ತು ಎಂದರು.

ಹಾಗಾದರೆ ನಮ್ಮ ಗುಟ್ಟನ್ನು ಯಾರೂ ದಾಟಿಸಿರಲಿಲ್ಲ. ಆ ಮನುಷ್ಯ ನಮ್ಮನ್ನು ಎಚ್ಚರಿಸುತ್ತಿದ್ದ, ನಾವು ಅವನನ್ನು ಗೂಢಚಾರ ಅಂದುಕೊಂಡೆವು.

ಹೊಂಬಾಳಯ್ಯನವರು ಹಾಗೆ ತಿಳಿಯಲಿಲ್ಲ. ದತ್ತಾತ್ರಿಯವರು ನಡೆದದ್ದನ್ನು ನಡೆದ ಹಾಗೆ ಹೇಳಿದರು, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ತೂಬಿನ ಮನೆಯ ಬೀಗದ ಕೈಯನ್ನು ಹೊಂಬಾಳಯ್ಯನವರು ನನ್ನಿಂದ ಕಸಿದು ದತ್ತಾತ್ರಿಯವರ ಕೈಗೆ ಕೊಟ್ಟರು. "ನಾಳೆಯಿಂದ ನೀನು ಜನನ ಮರಣ ವಿಭಾಗದಲ್ಲಿ ಕೂರು. ತೂಬು ಮುಚ್ಚಬೇಕಂತೆ! ಅವನು ಹೇಳಿದ, ಇವಳು ನಂಬಿದಳು. ಊರಿಗೆ ನೀರು ನಿಲ್ಲಿಸಿ, ಕಾರ್ಖಾನೆ ನಿಲ್ಲಿಸಿ, ಜನ ನಮ್ಮ ಮೇಲೆ ತಿರುಗಿಬೀಳಲಿ ಅಂತ ತಾನೇ ಅವನ ಆಟ? ತೂಬು ತೆರೆದೇ ಇರಲಿ."

ಮರುದಿನ ಹಾಲಿನವನು, "ಇವತ್ತೂ ಅವರ ದಿನವೇ ಕಣಮ್ಮ," ಅಂದ. ಜನನ ಮರಣ ವಿಭಾಗಕ್ಕೆ ಹೋಗಲು ಹೊರಟವಳ ಕಾಲು ಹೊಳೆಯ ಕಡೆಗೇ ತಿರುಗಿತು. ತೂಬಿನ ಮನೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ದತ್ತಾತ್ರಿಯವರು ಛತ್ರಿಯನ್ನು ಗೋಡೆಗೆ ಒರಗಿಸಿ, ಪಂಚೆ ಎತ್ತಿ ಕಟ್ಟಿ, ತೂಬಿನ ಚಕ್ರಕ್ಕೆ ಜೋತುಬಿದ್ದಿದ್ದರು. ಹಲಗೆ ಅರ್ಧ ಇಳಿದಿತ್ತು. ಬೆವರಿನಲ್ಲಿ ತೊಯ್ದುಹೋಗಿದ್ದರು.

"ಏನು ಮಾಡ್ತಿದ್ದೀರಿ?" ಅಂದೆ.

"ಕಾಣಲ್ವಾ? ಮುಚ್ತಿದ್ದೀನಿ. ಬಂದು ಕೈ ಹಾಕಿ."

"ನೀವು ಅವರನ್ನ ನಂಬಿದಿರಾ?"

"ನಾನು ಯಾರನ್ನ ನಂಬಿದ್ದೀನಿ ಈ ಜನ್ಮದಲ್ಲಿ?" ಅಂದರು ಏದುಸಿರು ಬಿಡುತ್ತ. "ಅವನನ್ನೂ ನಂಬಲ್ಲ, ನಿಮ್ಮನ್ನೂ ನಂಬಲ್ಲ. ಹೊಂಬಾಳಯ್ಯನ್ನಂತೂ ಮೊದಲೇ ಇಲ್ಲ. ಅವನು ಹೇಳಿದ್ದು ಸುಳ್ಳಾದರೆ ಊರು ಒಂದು ದಿನ ಬಾಯಾರಿಕೊಂಡಿರುತ್ತೆ, ನನಗೆ ಬೈಯುತ್ತೆ. ನಿಜವಾದರೆ? ನಂಬಿಕೆ ಇರೋರು ತೆರೆದಿಟ್ಟುಕೊಂಡು ಕೂತಿರಲಿ. ಅನುಮಾನ ಇರೋನು ನಾನು, ಮುಚ್ಚಿಬಿಡ್ತೀನಿ."

ಇಬ್ಬರೂ ಸೇರಿ ಚಕ್ರ ತಿರುಗಿಸಿದೆವು. ಹಲಗೆ ಕಲ್ಲಿಗೆ ತಾಗಿ ಕೂತಿತು. ಊರಿನ ನಲ್ಲಿಗಳು ಒಂದೊಂದಾಗಿ ನಿಂತಂತೆ ಜನ ಬಂದು ತೂಬಿನ ಮನೆಯ ಮುಂದೆ ಸೇರಿದರು. ಬೈಗುಳ, ಕಲ್ಲು. ಹೊಂಬಾಳಯ್ಯನವರೇ ಕಾರಿನಲ್ಲಿ ಬಂದರು. ದತ್ತಾತ್ರಿಯವರು ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಅದಕ್ಕೆ ಛತ್ರಿಯನ್ನೂ ಸಿಕ್ಕಿಸಿದರು. ಛತ್ರಿಯ ಕಡ್ಡಿ ಮುರಿಯುವ ಸದ್ದು ಕೇಳಿಸುತ್ತಿದ್ದಾಗಲೇ ಹೊರಗಿನ ಗದ್ದಲ ತಟ್ಟನೆ ನಿಂತಿತು. ಕಿಂಡಿಯಿಂದ ನೋಡಿದೆವು. ಮಧ್ಯಾಹ್ನದ ಬಿಸಿಲಿನಲ್ಲಿ ಹೊಳೆ ಕಪ್ಪಾಗಿ ಬರುತ್ತಿತ್ತು. ಹಸಿ ಚರ್ಮದ ನಾತ ಊರಿಗೆಲ್ಲ ಅಡರಿತು. ಮೀನುಗಳು ಹೊಟ್ಟೆ ಮೇಲಾಗಿ ತೇಲಿ ಹೋಗುತ್ತಿದ್ದವು. ಸೆರಗಿನಿಂದ ಮೂಗು ಮುಚ್ಚಿಕೊಂಡ ಹೆಂಗಸರು ತಮ್ಮ ಖಾಲಿ ಕೊಡಗಳನ್ನು ಎದೆಗೆ ಅವುಚಿಕೊಂಡು ನೋಡುತ್ತ ನಿಂತರು.

ಇಷ್ಟೆಲ್ಲ ಆದಮೇಲೆ ಹೊಂಬಾಳಯ್ಯನವರು ಬದಲಾಗುತ್ತಾರೆ ಅಂದುಕೊಂಡಿದ್ದೆ. ಹೊಳೆ ತಿಳಿಯಾಗಿ, ಅದಾದ ಸ್ವಲ್ಪ ದಿನಕ್ಕೆ ಹೊರಳಿತು. ಅವತ್ತು ಬೆಳಗ್ಗೆಯೇ ಅವರ ಮನೆಗೆ ಹೋಗಿ ಕಾಲು ಹಿಡಿಯುವುದೊಂದು ಬಾಕಿ ಉಳಿಸಿ ಬೇಡಿದೆ.

"ಅವರು ನಮಗೆ ಮೊದಲೇ ಹೇಳಿದ್ರು ಸಾರ್."

"ಹೇಳಿದ್ರು. ನೀನೂ ಹೇಳಿದೀಯಲ್ಲಮ್ಮ. ನೀನೇ ಕಾನೂನು ಕಲಿತವಳು, ಕೆಳಗಿನವರಿಗೆ ತಿಳಿಸತಕ್ಕದ್ದು ಅಂತ ತಾನೇ ಇರೋದು? ತಿಳಿಸಿದ್ದಾಯ್ತು. ಇನ್ನು ಬಿಡೋಕೆ ಅಡ್ಡಿ ಏನು?"

ಅವರನ್ನು ಉಳಿಸಲೆಂದು ನಾನು ಆಡಿದ ಮಾತು ಇವರ ಕೈಯಲ್ಲಿ ಪರವಾನಗಿಯಾಗಿತ್ತು. ಕೊಳದ ಬಾಯಿ ತೆಗೆದರು. ನೀಲಿ ರಾಡಿ ಹೊಳೆಗೆ ಬಿದ್ದು, ಹಾವಿನ ಹಾಗೆ ಸುತ್ತಿ ಸುತ್ತಿ, ಗಡಿಯ ಕಡೆ ಹೋಯಿತು. ಅಲ್ಲಿ ಯಾರಾದರೂ ನನ್ನ ಮಾತು ನಂಬಿದರೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ಪಾಠ ಮುಗಿದಿತ್ತು, ಕಿಟಕಿ ಮುಚ್ಚಿತ್ತು. ಜನನ ಮರಣ ವಿಭಾಗದಲ್ಲಿ ಕೂತು ಹುಟ್ಟಿದ ಮಕ್ಕಳ ಹೆಸರು ಬರೆಯುತ್ತ ಆ ಊರಿನ ಮಕ್ಕಳನ್ನು ನೆನೆಯುತ್ತಿದ್ದೆ.

ಹೊಳೆ ಮತ್ತೆ ಹೊರಳಿದ ದಿನ ಊರಿನವರೆಲ್ಲ ದಡದಲ್ಲಿ ನಿಂತಿದ್ದರು, ಏನು ತೇಲಿ ಬರುತ್ತದೋ ಎಂದು. ತೇಲಿ ಬಂದದ್ದು ಒಂದು ದೋಣಿ. ಅದರಲ್ಲಿ ಒಬ್ಬನೇ ಮನುಷ್ಯ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕೂತಿದ್ದ. ದಪ್ಪ ಮೀಸೆ ನೋಡಿ ಗುರುತು ಹಿಡಿದೆ. ಪರದೆಯಲ್ಲಿ ಅಷ್ಟು ಅಗಲವಾಗಿ ಕಂಡಿದ್ದವರು ಎದ್ದು ನಿಂತರೆ ನನ್ನ ಭುಜಕ್ಕೆ ಬರುವಷ್ಟು ಎತ್ತರ. ಜನ ದಾರಿ ಬಿಡಲಿಲ್ಲ, ತಡೆಯಲೂ ಇಲ್ಲ. ದತ್ತಾತ್ರಿಯವರು ಮುಂದೆ ಹೋಗಿ ಅವರನ್ನು ತೂಬಿನ ಮನೆಯ ನೆರಳಿಗೆ ಕರೆತಂದರು.

"ಮುಚ್ಚಿದ್ರಾ?" ಅಂದೆ. ನಮಸ್ಕಾರವನ್ನೂ ಮರೆತಿದ್ದೆ.

"ಮುಚ್ಚಿದ್ನ್ರೀ. ಪಂಚಾಯ್ತಿಯವರು ಬ್ಯಾಡಂದ್ರು. ತೂಬಿನ ಗಾಲಿ ಮ್ಯಾಲ ಕುಂತಬಿಟ್ಟೆ. ಎಬ್ಬಸಾಕ ಬಂದ್ರು, ಹೊಡದ್ರು." ತುಟಿಯ ಹತ್ತಿರ ಗಾಯ ಇನ್ನೂ ಹಸಿಯಾಗಿತ್ತು. "ನೀಲಿ ನೀರು ಕಂಡಮ್ಯಾಲ ಸುಮ್ಮನಾದ್ರು. ಮಂದಿ ಉಳಕೊಂಡ್ರು. ಮೀನು ಉಳೀಲಿಲ್ಲ. ಆಮ್ಯಾಲ ಊರ ಮಂದಿ ಕೇಳಿದ್ರು, ನಿನಗ ಹೆಂಗ ಗೊತ್ತಾತು ಅಂತ. ನಿಮ್ಮ ಹೆಸರು ಹೇಳಿದೆ. ಹಂಗಾರ ನೀ ಅವರ ಮನಿಶ್ಯಾ, ಅಲ್ಲೇ ಹೋಗು ಅಂದ್ರು."

"ಮೊದಲ ದಿನವೇ ನಿಮ್ಮ ಕೊಳದ ಮಾತು ಅಂತ ಬಿಡಿಸಿ ಹೇಳಬಾರದಿತ್ತಾ?"

"ನಮ್ಮ ಕಡೀನೂ ಬಾಜೂಕ ಒಬ್ಬರು ಕುಂತಿದ್ರು. ನಿಮ್ಮ ಕಡೆ ಯಾರೋ ಕೆಮ್ಮತಿದ್ರು. ಹೆಂಗ ಹೇಳೂದ್ರೀ?"

ದತ್ತಾತ್ರಿಯವರು ಒಳಗೆ ಹೋಗಿ ಮಡಕೆಯಿಂದ ಒಂದು ಲೋಟ ನೀರು ತಂದು ಮುಂದೆ ಹಿಡಿದರು. ಮುರಿಗೆಪ್ಪನವರ ತುಟಿ ಒಣಗಿ ಬಿರಿದಿತ್ತು. ಆದರೂ ಕೈ ಚಾಚಲಿಲ್ಲ. ಲೋಟವನ್ನೇ ನೋಡಿದರು.

"ಯಾವ ದಿನದ ನೀರ್ರೀ ಇದು?"

ದಡದಲ್ಲಿದ್ದ ಜನ ಗುಸುಗುಟ್ಟಿದರು. ದತ್ತಾತ್ರಿಯವರಿಗೆ ಸಿಟ್ಟು ಬರಲಿಲ್ಲ. ಲೋಟವನ್ನು ತಮ್ಮ ಬಾಯಿಗೆ ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಅರ್ಧ ಕುಡಿದು, ಉಳಿದದ್ದನ್ನು ಕಟ್ಟೆಯ ಮೇಲೆ ಇಟ್ಟರು. ಮುರಿಗೆಪ್ಪನವರು ಅವರ ಗಂಟಲನ್ನು ನೋಡಿದರು, ಕಣ್ಣನ್ನು ನೋಡಿದರು, ಇನ್ನೂ ಸ್ವಲ್ಪ ಹೊತ್ತು ಕಾದರು. ಅವರ ಜೊತೆ ನಾನೂ ಕಾದೆ. ಆಮೇಲೆ ಚಪ್ಪಲಿಯನ್ನು ಕೆಳಗಿಟ್ಟು, ಎರಡೂ ಕೈಯಿಂದ ಲೋಟ ಎತ್ತಿಕೊಂಡು ಕುಡಿದರು.